ಹೊಸ ಡಾಕ್ಟರ ಪರಿಚಯ ಮಾಡಿಸುವ ಕೆಲಸ

ಫಾರ್ಮಸಿ ಓದಿ ಸರ್ಕಾರಿ ಆಸ್ಪತ್ರೆಗೆ ಸೇರುವ ಹುಡುಗ ಹುಡುಗಿಯರು ಚಳ್ಳಕೆರೆಯಲ್ಲಿ ನನ್ನನ್ನು ಕಂಡಾಗ ಒಂದೇ ಪ್ರಶ್ನೆ ಕೇಳುತ್ತಾರೆ: "ಅಂಕಲ್, ಕೆಲಸ ಕಷ್ಟಾನಾ?" ಮಾತ್ರೆ ಎಣಿಸುವುದು ಯಾರಿಗಾದರೂ ಬರುತ್ತದೆ. ಸ್ಟಾಕ್ ಬರೆಯುವುದು ಆರು ತಿಂಗಳಲ್ಲಿ ಬರುತ್ತದೆ. ನಿಜವಾದ ಕಷ್ಟದ ಕೆಲಸಗಳನ್ನು ನೇಮಕದ ಆದೇಶದಲ್ಲಿ ಬರೆದಿರುವುದಿಲ್ಲ. ನನಗೆ ಅಂಥ ಒಂದು ಕೆಲಸ ತಾನಾಗಿಯೇ ಬಂದು ಅಂಟಿಕೊಂಡಿತ್ತು. ನಮ್ಮ ಆಸ್ಪತ್ರೆಗೆ ಹೊಸ ಡಾಕ್ಟರು ಬಂದಾಗಲೆಲ್ಲ ಅವರನ್ನು ಸುತ್ತಲಿನ ಹಳ್ಳಿ, ಹಟ್ಟಿಗಳಿಗೆ ಕರೆದೊಯ್ದು ಜನರಿಗೆ ಪರಿಚಯ ಮಾಡಿಸುವುದು ನನ್ನ ಪಾಲಿಗಿತ್ತು. ಈ ಕೆಲಸದಲ್ಲಿ ನಾನು ಜಾಣನಾಗಿದ್ದೆ ಎಂದು ನಾನೇ ಹೇಳಿಕೊಳ್ಳುತ್ತೇನೆ. ಜಾಣರು ಎಲ್ಲಿ ಎಡವುತ್ತಾರೆ ಎನ್ನುವುದನ್ನೂ ಹೇಳುತ್ತೇನೆ, ಅದಕ್ಕಾಗಿಯೇ ಬರೆಯಲು ಕೂತಿರುವುದು.

ನಾನು ಚಳ್ಳಕೆರೆಯವನು. ನಮ್ಮಪ್ಪ ಬಸ್ ಸ್ಟ್ಯಾಂಡ್ ಹಿಂದೆ ಲಾರಿ ಮೆಕ್ಯಾನಿಕ್ ಆಗಿದ್ದರು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಎಣ್ಣೆ ಮಿಲ್ಲಿನ ಹಮಾಲರ ಮಕ್ಕಳ ಜೊತೆ ಗೋಲಿ ಆಡುತ್ತಾ ತೆಲುಗು, ಹೀಗೆ ಮೂರು ಭಾಷೆ ನನಗೆ ಖರ್ಚಿಲ್ಲದೆ ಬಂದವು. ಕಾಗದದಲ್ಲಿ ನಾನು ಫಾರ್ಮಸಿಸ್ಟ್. ಜನರ ಬಾಯಲ್ಲಿ ಕೊನೆಯವರೆಗೂ ಬಾಷಾ ಕಂಪೋಂಡ್ರು. ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ದೇವಸಮುದ್ರದಿಂದ ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ಸಿಗುವ ಒಂದು ಊರಿನ ಆಸ್ಪತ್ರೆಯಲ್ಲಿ ನನ್ನ ಸೇವೆಯ ಬಹುಪಾಲು ಕಳೆಯಿತು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಇನ್ನೂ ಗಟ್ಟಿಯಾಗಿದ್ದಾರೆ, ಸಂತೆಯಲ್ಲಿ ಸಿಕ್ಕರೆ ನನ್ನನ್ನು ಬಿಡುವುದಿಲ್ಲ. ವಾರವೆಲ್ಲ ಅಲ್ಲೇ ಬಾಡಿಗೆ ರೂಮು. ಶನಿವಾರ ಸಂಜೆ ಚಳ್ಳಕೆರೆಯ ಮನೆಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೆ.

ಆಸ್ಪತ್ರೆಯಲ್ಲಿ ಖಾಯಂ ಇದ್ದವರು ಮೂರು ಜನ. ಸಿಸ್ಟರ್ ರತ್ನಮ್ಮ ದಾವಣಗೆರೆ ಕಡೆಯವರು. ಹೆರಿಗೆ, ಲಸಿಕೆ ಎರಡರಲ್ಲೂ ಪಳಗಿದ ಕೈ, ಬಾಯಿ ಅದಕ್ಕಿಂತ ಪಳಗಿದ್ದು. ಅಟೆಂಡರ್ ತಿಪ್ಪೇಸ್ವಾಮಿ ಅದೇ ಊರಿನವನು. ಕಸ ಗುಡಿಸುವುದರಿಂದ ಹಿಡಿದು ಊರಿನ ಸುದ್ದಿ ಗುಡಿಸಿ ತರುವವರೆಗೆ ಎಲ್ಲವೂ ಅವನದೇ. ಮೂರನೆಯವನು ನಾನು. ಇನ್ನು ಡಾಕ್ಟರ ಕುರ್ಚಿ ಇತ್ತು, ಅದರಲ್ಲಿ ಕೂರುವವರು ಮಾತ್ರ ಬದಲಾಗುತ್ತಿದ್ದರು. ಒಬ್ಬರು ಎರಡು ವರ್ಷ ಇದ್ದರೆ ಹೆಚ್ಚು. ಜನರಿಗೆ ಮುಖ ಗುರುತು ಸಿಗುವಷ್ಟರಲ್ಲಿ ವರ್ಗಾವಣೆ ಬರುತ್ತಿತ್ತು.

ನಾನು ಪರಿಚಯ ಮಾಡಿಸಿದ ಮೊದಲ ಡಾಕ್ಟರು ಕಾಲೇಜಿನಲ್ಲಿ ಚಿನ್ನದ ಪದಕ ಪಡೆದವರು. ನನಗೋ ಹೊಸ ಉತ್ಸಾಹ. ಒಂದೊಂದು ಊರಿನ ಕಟ್ಟೆಯ ಮೇಲೂ ನಿಂತು, "ಇವರು ಬಂಗಾರದ ಮೆಡಲ್ ತಗಂಡಿರೋ ಡಾಕ್ಟ್ರು, ಇಂಥೋರು ಜಿಲ್ಲೆಗೇ ಒಬ್ಬರು" ಎಂದು ಸಾರಿದೆ. ಒಂದು ತಿಂಗಳು ಆಸ್ಪತ್ರೆಯಲ್ಲಿ ನೊಣ ಹೊಡೆದೆವು. ಕಡೆಗೆ ತಿಪ್ಪೇಸ್ವಾಮಿ ಸುದ್ದಿ ತಂದ. "ಸಾರ್, ಅಷ್ಟು ದೊಡ್ಡ ಡಾಕ್ಟ್ರು ನಮ್ಮೂರಿಗ್ಯಾಕೆ ಬರ್ತಾರೆ, ಅಲ್ಲೆಲ್ಲೋ ಯಾರ್ನೋ ಸಾಯಿಸಿ ಬಂದವ್ರೆ ಅಂತ ಮಾತಾಡ್ಕಂತಾವ್ರೆ." ನಾನು ಹೊಗಳಿದಷ್ಟೂ ಜನಕ್ಕೆ ಅನುಮಾನ ಹೆಚ್ಚಾಗಿತ್ತು. ಪಾಪ, ಆ ಡಾಕ್ಟರು ಒಳ್ಳೆಯವರು. ಅವರು ಹೋಗುವವರೆಗೂ ಈ ಕಥೆ ಅವರ ಕಿವಿಗೆ ಬೀಳದ ಹಾಗೆ ನೋಡಿಕೊಂಡೆ.

ಆಮೇಲೆ ಹೊಗಳುವುದನ್ನು ಬಿಟ್ಟೆ. ಡಾಕ್ಟರ ಬಗ್ಗೆ ಒಂದು ಸಣ್ಣ ನಿಜ ಹುಡುಕಿ ಅದನ್ನಷ್ಟೇ ಹೇಳತೊಡಗಿದೆ. ಮುಂದಿನವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ಬೈತಾರೆ. ಬೈದ ಮೇಲೆ ವಾಸಿ ಮಾಡ್ತಾರೆ" ಎಂದೆ. ಜನ ನಗುತ್ತಾ ಬಂದರು, ಬೈಸಿಕೊಂಡು ಹೋದರು. ಇನ್ನೊಬ್ಬರು ಮಕ್ಕಳಿಗೆ ಇಂಜೆಕ್ಷನ್ ಚುಚ್ಚುವಾಗ ತಾವೇ ಕಣ್ಣು ಕಿವುಚಿಕೊಳ್ಳುತ್ತಿದ್ದರು. ಅದನ್ನೇ ಹೇಳಿದೆ, ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದರು. ಹೀಗೆ ನನ್ನದೊಂದು ವಿದ್ಯೆ ಆಯಿತು. ಡಾಕ್ಟರು ಬಂದ ಮೊದಲ ವಾರ ಅವರ ಜೊತೆಯಲ್ಲೇ ಇದ್ದು, ಏನು ಹೇಳಬೇಕೆಂದು ಅಳೆದು, ಎರಡನೆಯ ಸೋಮವಾರ ಹೊರಡುತ್ತಿದ್ದೆ.

ಇವರೆಲ್ಲರಿಗಿಂತ ಮುಂಚೆ, ನಾನು ಸೇರಿದ ಹೊಸತರಲ್ಲಿ ನನಗೆ ಕೆಲಸ ಕಲಿಸಿದವರು ರುದ್ರಪ್ಪ ಡಾಕ್ಟರು, ನಿವೃತ್ತಿಗೆ ಹತ್ತಿರವಿದ್ದ ಹಿರಿಯರು. ಆಗ ಗಾಜಿನ ಸಿರಿಂಜುಗಳನ್ನು ಸ್ಟೌವಿನ ಮೇಲೆ ಕುದಿಸುತ್ತಿದ್ದೆವು. ಔಷಧಕ್ಕೆ ಜನ ಮನೆಯಿಂದಲೇ ಬಾಟಲಿ ತರುತ್ತಿದ್ದರು, ಕೆಂಪು ನೀರು ಕೊಟ್ಟರೆ ಖುಷಿ, ಬಿಳಿ ನೀರು ಕೊಟ್ಟರೆ ಮುಖ ಸಣ್ಣ. ಒಂದು ಸಲ ಜ್ವರದ ಹೆಂಗಸೊಬ್ಬಳಿಗೆ ಮಾತ್ರೆ ಕೊಟ್ಟು "ಮೂರು ಹೊತ್ತು, ಊಟ ಆದ ಮೇಲೆ" ಎಂದು ಕಳಿಸಿದೆ. ವಾರವಾದರೂ ಜ್ವರ ಇಳಿದಿರಲಿಲ್ಲ. ಡಾಕ್ಟರು ಕೇಳಿದರೆ ಆಕೆ, "ನಾವು ಮೂರು ಹೊತ್ತು ಎಲ್ಲಿ ಉಣ್ತೀವಿ ಸ್ವಾಮಿ? ಉಂಡಾಗ ನುಂಗೀನಿ" ಎಂದಳು. ದಿನಕ್ಕೆ ಒಂದು, ಕೆಲವು ದಿನ ಎರಡು. ಆಕೆ ಹೋದ ಮೇಲೆ ರುದ್ರಪ್ಪನವರು ನನ್ನನ್ನು ಕರೆದು, "ಬಾಷಾ, ಮೊದಲು ಕೇಳು, ಆಮೇಲೆ ಹೇಳು" ಎಂದರು. ನನಗೆ ನಾಚಿಕೆಯಾಯಿತು. ಅವತ್ತಿನಿಂದ ಮಾತ್ರೆಯ ಪೊಟ್ಟಣದ ಮೇಲೆ ಊಟದ ಮಾತು ಬಿಟ್ಟು ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಮುಳುಗುವ ಸೂರ್ಯನ ಚಿತ್ರ ಬರೆದುಕೊಡತೊಡಗಿದೆ.

ಇಷ್ಟೆಲ್ಲ ಕಲಿತು, ಹನ್ನೆರಡು ವರ್ಷ ಸರ್ವಿಸ್ ಆದ ಮೇಲೆ, ವೀಣಾ ಮೇಡಂ ಬಂದರು. ತೊಂಬತ್ತರ ದಶಕದ ಕೊನೆ ಅದು. ಕುಂದಾಪುರ ಕಡೆಯ ಹುಡುಗಿ, ಮೊದಲ ಪೋಸ್ಟಿಂಗ್, ನಮ್ಮ ಆಸ್ಪತ್ರೆಗೆ ಮೊದಲ ಲೇಡಿ ಡಾಕ್ಟರು. ಒಂದು ವಾರ ಗಮನಿಸಿದೆ. ಹೆಂಗಸರ ಹೊಟ್ಟೆ ಮುಟ್ಟುವ ಮುಂಚೆ ತಮ್ಮ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಇದಕ್ಕಿಂತ ಒಳ್ಳೆಯ ಪರಿಚಯ ಬೇಕೇ ಎಂದುಕೊಂಡೆ.

ಎರಡನೆಯ ಸೋಮವಾರ ಮೇಡಂ, ರತ್ನಮ್ಮ, ನಾನು ಮೂವರೂ ದನ ಕಾಯುವ ಮ್ಯಾಸನಾಯಕ ಕುಲದವರ ಒಂದು ಹಟ್ಟಿಗೆ ಹೊರಟೆವು. ಬಸ್ಸಿಳಿದು ಒಂದೂವರೆ ಮೈಲಿ ನಡಿಗೆ. ಅಂದು ನಾನು ಚಳ್ಳಕೆರೆಯಿಂದ ನೇರ ಬಂದವನು, ಹೆಗಲಲ್ಲಿ ಮಾತ್ರೆಯ ಚೀಲ, ಅದರಲ್ಲೇ ನನ್ನ ಟಿಫನ್ ಡಬ್ಬಿ. ಆ ಹಟ್ಟಿಗೆ ಹೋಗಲು ವಿಶೇಷ ಕಾರಣವಿತ್ತು. ಅಲ್ಲಿನ ಓಬಕ್ಕ ಎಂಬ ಹೆಂಗಸು ಏಳು ತಿಂಗಳ ಬಸುರಿ. ಹಿಂದೆ ಎರಡು ಸಲ ಮನೆಯಲ್ಲೇ ಹೆರಿಗೆಯಾಗಿ ಎರಡು ಮಕ್ಕಳೂ ಉಳಿದಿರಲಿಲ್ಲ. ಎರಡನೆಯ ಸಲ ಅವಳೇ ರಕ್ತ ಹೋಗಿ ಹೋಗಿ ಸಾಯುವಂತಾಗಿದ್ದಳು. ಈ ಸಲ ಹೇಗಾದರೂ ಮಾಡಿ ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಬೇಕೆಂದು ರತ್ನಮ್ಮ ಹಟ ಹಿಡಿದಿದ್ದರು.

ಹಟ್ಟಿಯ ಸುತ್ತ ಮುಳ್ಳಿನ ಬೇಲಿ. ಒಳಗೆ ನಡುವೆ ಹುಲ್ಲು ಹೊದಿಸಿದ ದೇವರ ಗುಡಿಸಲು, ಅದರ ಮುಂದೆ ಬೇವಿನ ಮರದ ನೆರಳು. ಚಪ್ಪಲಿ ಬಿಟ್ಟು ಕೂತೆವು. ಹಟ್ಟಿಯ ಯಜಮಾನ ಬೋಸಯ್ಯ ಬಂದ, ಹೆಂಗಸರು ಬಂದರು, ಓಬಕ್ಕನನ್ನು ಅವಳ ಅತ್ತೆ ಸೂರಮ್ಮ ಕೈ ಹಿಡಿದು ಕರೆತಂದಳು. ಸೂರಮ್ಮ ಎಂದರೆ ಆ ಹಟ್ಟಿಯ ಹೆಂಗಸರೆಲ್ಲ ಎದ್ದು ಜಾಗ ಬಿಡುತ್ತಿದ್ದರು. ನಾನು ಎದ್ದು ನಿಂತು, "ಇವರು ನಮ್ಮ ಹೊಸ ಡಾಕ್ಟ್ರಮ್ಮ. ಹೊಟ್ಟೆ ಮುಟ್ಟೋಕೆ ಮುಂಚೆ ಕೈ ಬೆಚ್ಚಗೆ ಮಾಡ್ಕಂತಾರೆ" ಎಂದೆ, ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ. ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಸೂರಮ್ಮ, "ಹಂಗಾರೆ ನೋಡ್ಲಿ" ಎಂದು ಸೊಸೆಯನ್ನು ಮುಂದೆ ತಳ್ಳಿದಳು. ಮೇಡಂ ಅಂಗೈ ಉಜ್ಜಿಕೊಂಡರು. ನನಗೆ ಒಳಗೊಳಗೇ ಹಿಗ್ಗು.

ಓಬಕ್ಕನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣ ಬಳಿದ ಹಾಗೆ ಬಿಳಿ. ಮೇಡಂ ಕಬ್ಬಿಣಾಂಶದ ಮಾತ್ರೆ ಕೊಡಲು ನನಗೆ ಹೇಳಿ, ಓಬಕ್ಕನ ಕಡೆ ತಿರುಗಿ, "ದಿನಕ್ಕೊಂದು ಮೊಟ್ಟೆ ತಿನ್ನಬೇಕು ಆಯ್ತಾ" ಎಂದರು. ಅವರ ಕರಾವಳಿ ಕನ್ನಡ ಅವಳಿಗೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದಳು. ನಾನು ಮಾತ್ರೆ ಎಣಿಸುತ್ತಾ, "ರೋಜೂ ಒಕ ಗುಡ್ಡು ತಿನಮ್ಮಾ" ಎಂದುಬಿಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಅವಳ ಬಿಳಿಚಿದ ಮುಖ ನೋಡಿ ಕನಿಕರ ಬಂತೋ, ಹಿಗ್ಗಿನಲ್ಲಿ ತಲೆ ಕೆಟ್ಟಿತೋ, ಚೀಲದಿಂದ ಡಬ್ಬಿ ತೆಗೆದು, ನನ್ನ ಹೆಂಡತಿ ಶಕೀಲಾ ಬೇಯಿಸಿ ಕೊಟ್ಟಿದ್ದ ಮೊಟ್ಟೆಯೊಂದನ್ನು ಓಬಕ್ಕನ ಅಂಗೈಯಲ್ಲಿ ಇಟ್ಟೆ.

ಮ್ಯಾಸನಾಯಕರ ಹಟ್ಟಿಗಳಲ್ಲಿ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಬೇಲಿಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಅದು ಅವರ ದೇವರ ಕಟ್ಟಳೆ. ಇದು ನನಗೆ ಹನ್ನೆರಡು ವರ್ಷದಿಂದ ಗೊತ್ತು. ಹಿಂದಿನ ಡಾಕ್ಟರುಗಳಿಗೆ ನಾನೇ ಬಸ್ಸಿನಲ್ಲಿ ಹೇಳಿಕೊಟ್ಟೇ ಕರೆದೊಯ್ದಿದ್ದೇನೆ. ಹಟ್ಟಿಗೆ ಹೋಗುವ ದಿನ ನನ್ನ ಡಬ್ಬಿಯನ್ನು ಆಸ್ಪತ್ರೆಯಲ್ಲೇ ಬಿಡುತ್ತಿದ್ದೆ. ಅಂದು ಮೇಡಂಗೆ ಹೇಳುವುದನ್ನೂ ಮರೆತೆ, ಡಬ್ಬಿ ಬಿಡುವುದನ್ನೂ ಮರೆತೆ.

ಓಬಕ್ಕ ಕೆಂಡ ಮುಟ್ಟಿದವಳಂತೆ ಕೈ ಕೊಡವಿದಳು. ಮೊಟ್ಟೆ ಉರುಳಿ ದೇವರ ಗುಡಿಸಲಿನ ಮೆಟ್ಟಿಲ ಹತ್ತಿರ ಹೋಗಿ ನಿಂತಿತು. ಬೋಸಯ್ಯ ನನ್ನ ಕಡೆ ನೋಡಲೂ ಇಲ್ಲ, ಮೇಡಂ ಕಡೆ ತಿರುಗಿ ಕೈ ಮುಗಿದ. "ಡಾಕ್ಟ್ರಮ್ಮಾರೆ, ಇವತ್ತಿಗೆ ಸಾಕು. ಅದನ್ನ ತಗಂಡು ನಡೀರಿ." ಕಂಪೌಂಡರ್ ಡಾಕ್ಟರು ಹೇಳಿದ್ದನ್ನು ಮಾಡುವವನು, ಮೊಟ್ಟೆ ಕೊಡಿಸಿದ್ದು ಡಾಕ್ಟರೇ ಎಂದು ಅವರೆಲ್ಲ ತಿಳಿದರು. ನಾನು ಬಾಯಿ ಬಿಡಬೇಕಾದ ಗಳಿಗೆ ಅದು. ಬಗ್ಗಿ ಮೊಟ್ಟೆ ಎತ್ತಿಕೊಂಡು ಚೀಲಕ್ಕೆ ಹಾಕಿ ಸುಮ್ಮನೆ ಹೊರಟೆ.

ಬಸ್ಸಿನ ದಾರಿಗೆ ನಡೆಯುತ್ತಾ ಮೇಡಂ ಕೇಳಿದರು. "ಬಾಷಾ ಅವರೇ, ನಾನು ಎಂತ ತಪ್ಪು ಮಾಡಿದೆ?" ಕೋಳಿಯ ವಿಷಯ ಹೇಳಿದೆ. ಅವರ ಮುಖ ಬಾಡಿತು. "ಛೆ, ನಾನು ಮೊದಲೇ ಕೇಳಿಕೊಳ್ಳಬೇಕಿತ್ತು" ಎಂದರು. ಅದಕ್ಕೆ ನಾನು ಹೇಳಿದ್ದೇನು ಗೊತ್ತೇ? "ನೀವು ಹೊಸಬರಲ್ವಾ ಮೇಡಂ, ಸರಿಹೋಗುತ್ತೆ ಬಿಡಿ" ಎಂದೆ. ರತ್ನಮ್ಮ ನನ್ನನ್ನು ಒಂದು ಸಲ ದುರುಗುಟ್ಟಿ ನೋಡಿ ಮುಂದೆ ನಡೆದರು. ನನ್ನ ಇಡೀ ಸರ್ವಿಸ್ಸಿನಲ್ಲಿ ಬಾಯಿಂದ ಬಂದ ಅತಿ ಕೀಳು ಮಾತು ಅದೇ.

ಆ ಹಟ್ಟಿಯಿಂದ ಮೂರು ವಾರ ಒಂದು ನರಪಿಳ್ಳೆಯೂ ಬರಲಿಲ್ಲ. ಬುಧವಾರ ಬುಧವಾರ ಬಸುರಿಯರ ತಪಾಸಣೆ. ಮೇಡಂ ಓಬಕ್ಕನ ಕಾರ್ಡನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂರುವರು, ಮಧ್ಯಾಹ್ನ ಅದನ್ನು ಮತ್ತೆ ಡ್ರಾಯರಿಗೆ ಹಾಕುವರು. ರತ್ನಮ್ಮ ಒಬ್ಬರೇ ಒಮ್ಮೆ ಹೋಗಿ ಬಂದರು, ಬೇಲಿಯ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರಂತೆ. ತಿಪ್ಪೇಸ್ವಾಮಿ ಸಂತೆಯಿಂದ ಸುದ್ದಿ ತಂದ. "ಹೊಸ ಡಾಕ್ಟ್ರಮ್ಮ ಹಟ್ಟಿ ಕೆಡಿಸಿದ್ಲು ಅಂತಾವ್ರೆ ಸಾರ್. ಗಂಜಲ ಹಾಕಿ ಜಾಗ ತೊಳ್ದವ್ರೆ. ಓಬಕ್ಕನಿಗೆ ಈ ಸಲಾನೂ ಮನ್ಯಾಗೇ ಹೆರಿಗೆ ಅಂತೆ."

ಮೂರನೆಯ ವಾರದ ಶನಿವಾರ ಮೇಡಂ ನನ್ನನ್ನು ಕರೆದರು. ಮೇಜಿನ ಮೇಲೆ ಬಿಳಿ ಹಾಳೆ, ಅರ್ಧ ಬರೆದ ಅರ್ಜಿ. "ನಾನು ವರ್ಗಾವಣೆ ಕೇಳ್ತೇನೆ ಬಾಷಾ ಅವರೇ. ನನ್ನ ಜಾಗಕ್ಕೆ ಬೇರೆಯವರು ಬಂದರಾದರೂ ಆ ಹೆಂಗಸು ಬಂದಾಳೋ ಏನೋ. ಅವಳಿಗೆ ಉಳಿದಿರುವುದು ಐದಾರು ವಾರ" ಎಂದರು. ಬೇಸರದಿಂದ ಓಡಿಹೋಗುವವರ ಮಾತಲ್ಲ ಅದು. ಒಬ್ಬ ರೋಗಿಗಾಗಿ ಕೆಲಸದ ಜಾಗ ಬಿಡಲು ತಯಾರಾಗಿದ್ದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಸ್ ಹತ್ತಿ ಚಳ್ಳಕೆರೆಗೆ ಬಂದೆ.

ಭಾನುವಾರ ಊಟಕ್ಕೆ ಕೂತಾಗ ಶಕೀಲಾಗೆ ಎಲ್ಲ ಹೇಳಿದೆ. ಅವಳು ತಟ್ಟೆಗೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಹಾಕಿ ನನ್ನ ಮುಖ ನೋಡಿದಳು. "ಗಲ್ತಿ ತುಮಾರಿ, ಬದ್ನಾಮಿ ಉನೋಕಿ?" ತಪ್ಪು ನಿಮ್ಮದು, ಕೆಟ್ಟ ಹೆಸರು ಅವರಿಗಾ? ಅಷ್ಟೇ ಕೇಳಿದ್ದು. ತಟ್ಟೆ ಪಕ್ಕಕ್ಕೆ ಸರಿಸಿದೆ. ಯಾಕೆ ಸುಮ್ಮನಿದ್ದೆ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಜನ ದೂರ ಇಟ್ಟಾರು ಎನ್ನುವ ಭಯಕ್ಕಿಂತ, ಎಲ್ಲರನ್ನೂ ಪರಿಚಯ ಮಾಡಿಸುವ ಬಾಷಾ ಕಂಪೌಂಡರಿಗೆ ಅಷ್ಟೂ ಗೊತ್ತಾಗಲಿಲ್ಲವೇ ಎಂಬ ಮಾತು ಕೇಳಬೇಕಲ್ಲ ಎನ್ನುವ ಜಂಬವೇ ನನ್ನ ಬಾಯಿ ಕಟ್ಟಿತ್ತು. ಸೋಮವಾರ ಡಬ್ಬಿ ಇಲ್ಲದೆ ಹೊರಟೆ. ಆಸ್ಪತ್ರೆಗೆ ಹೋಗುವ ಮುಂಚೆ ಹಟ್ಟಿಯ ದಾರಿಯಲ್ಲೇ ಬಸ್ಸಿಳಿದೆ.

ಬೇಲಿಯ ಹೊರಗೇ ನಿಂತು ಬೋಸಯ್ಯನನ್ನು ಕರೆಸಿದೆ. ಅವನು ಬಂದ, ಅವನ ಹಿಂದೆ ನಾಲ್ಕಾರು ಜನ ಬಂದರು. ಸೂರಮ್ಮ ಸ್ವಲ್ಪ ದೂರದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಯಜಮಾನ್ರೆ, ಆ ಮೊಟ್ಟೆ ಡಾಕ್ಟ್ರಮ್ಮಂದಲ್ಲ. ನನ್ನ ಊಟದ್ದು. ಕೊಡು ಅಂತ ಅವ್ರು ಹೇಳ್ಲಿಲ್ಲ. ನಾನೇ ತೆಗೆದು ಕೊಟ್ಟೆ" ಎಂದೆ.

"ನಮ್ಮ ಕಟ್ಟಳೆ ನಿಂಗೆ ಗೊತ್ತಿರ್ಲಿಲ್ವಾ?"

"ಹನ್ನೆರಡು ವರ್ಷದಿಂದ ಗೊತ್ತೈತೆ."

"ಮತ್ಯಾಕೆ?"

"ಮರ್ತೆ. ಮರ್ತಿದ್ದು ಒಂದು ತಪ್ಪು. ಅವತ್ತು ಅವ್ರ ತಲೆ ಮ್ಯಾಲೆ ಬಿದ್ದಾಗ ಬಾಯಿ ಮುಚ್ಕಂಡು ಹೋದ್ನಲ್ಲ, ಅದು ಇನ್ನೂ ದೊಡ್ಡ ತಪ್ಪು. ಆ ಹೆಣ್ಣುಮಗಳಿಗೆ ನಿಮ್ಮ ಪದ್ಧತಿ ಗೊತ್ತಿಲ್ಲ. ಹೇಳ್ಕೊಡಬೇಕಾಗಿದ್ದೋನು ನಾನು."

ಆಗ ಸೂರಮ್ಮ ಹತ್ತಿರ ಬಂದಳು. "ಅಲ್ಲ ಕಂಪೋಂಡ್ರೆ, ಆಕೆ ಯಾಕೆ ಸುಮ್ನಿದ್ಲು? ಸಿಸ್ಟ್ರಮ್ಮನ್ನ ಕಳಿಸಿದಾಗ ನಂದಲ್ಲ, ಕಂಪೋಂಡ್ರುದು ಅಂತ ಹೇಳಿ ಕಳಿಸ್ಬೌದಿತ್ತಲ್ಲ?"

"ತಮ್ದೇ ತಪ್ಪು ಅನ್ಕಂಡವ್ರೆ ಅವ್ವ. ಕೇಳದೇ ಮಾತಾಡ್ದೆ ಅಂತ ಕೊರಗ್ತಾವ್ರೆ. ಓಬಕ್ಕ ಬರ್ಲಿ ಅಂತ ಈ ಊರೇ ಬಿಟ್ಟು ಹೋಗೋಕೆ ಅರ್ಜಿ ಬರೀತಾವ್ರೆ."

ಬೋಸಯ್ಯ ತೀರ್ಪು ಹೇಳಿದ. "ಡಾಕ್ಟ್ರಮ್ಮ ಬರ್ಲಿ, ಸಿಸ್ಟ್ರಮ್ಮ ಬರ್ಲಿ, ಅಡ್ಡಿಯಿಲ್ಲ. ನೀನು ಗೊತ್ತಿದ್ದೂ ಮಾಡ್ದೋನು. ನೀನು ಈ ಬೇಲಿ ದಾಟಂಗಿಲ್ಲ." ಸರಿ ಯಜಮಾನ್ರೆ ಎಂದೆ. ಹನ್ನೆರಡು ವರ್ಷ ಆ ಬೇವಿನ ನೆರಳಲ್ಲಿ ಕೂತು ಮಜ್ಜಿಗೆ ಕುಡಿದವನು. ನಡೆಯುತ್ತಾ ಕಣ್ಣು ಒದ್ದೆಯಾಯಿತು, ಆದರೂ ಹೆಗಲ ಮೇಲಿನ ಭಾರ ಇಳಿದಿತ್ತು. ಆಸ್ಪತ್ರೆಗೆ ಬಂದು ಮೇಡಂ ಎದುರೂ ಅದನ್ನೇ ಹೇಳಿದೆ. ಅವರು ಸಿಟ್ಟಾದರು, ಆಗಬೇಕಾದ್ದೇ. "ಮೂರು ವಾರ ನಾನು ಊಟ ಸರಿಯಾಗಿ ಮಾಡಲಿಲ್ಲ ಮಾರಾಯ್ರೆ" ಎಂದರು. ಆಮೇಲೆ ಅರ್ಜಿ ಹರಿದು ಬುಟ್ಟಿಗೆ ಹಾಕಿದರು.

ಆ ಬುಧವಾರ ಹನ್ನೊಂದು ಗಂಟೆಗೆ ಸೂರಮ್ಮ ಸೊಸೆಯನ್ನು ಕರೆದುಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ನೇರ ಮೇಡಂ ಎದುರಿಗೆ ಹೋಗಿ ಕೇಳಿದಳು. "ಮೊಟ್ಟೆ ಬಿಟ್ರೆ ಬ್ಯಾರೆ ಏನೂ ಇಲ್ವಾ ನಿಮ್ಮ ಓದಿನಾಗೆ? ಶೇಂಗಾ ತಿಂದ್ರೆ ಆಗಲ್ವಾ? ಮನ್ಯಾಗೇ ಚೀಲಗಟ್ಲೆ ಐತೆ." ಮೇಡಂ ನಕ್ಕುಬಿಟ್ಟರು. "ಆಗ್ತದಮ್ಮ. ಶೇಂಗಾ, ಬೆಲ್ಲ, ಹುರುಳಿಕಾಳು, ಸೊಪ್ಪು, ಎಲ್ಲ ಆಗ್ತದೆ. ನೀವು ಮನೆಯಲ್ಲಿ ಏನೇನು ತಿಂತೀರಿ, ಮೊದಲು ಅದನ್ನು ಹೇಳಿ" ಎಂದು ಪೆನ್ನು ಹಿಡಿದು ಕೂತರು. ಅರ್ಧ ಗಂಟೆ ಸೂರಮ್ಮ ಹೇಳಿದಳು, ಡಾಕ್ಟರು ಬರೆದುಕೊಂಡರು. ಔಷಧದ ಕಿಟಕಿಯ ಹಿಂದೆ ಕೂತು ನಾನು ನೋಡುತ್ತಿದ್ದೆ. ತೆಲುಗು ತರ್ಜುಮೆಗೆ ಯಾರೂ ನನ್ನನ್ನು ಕರೆಯಲಿಲ್ಲ, ಅವರಿಬ್ಬರಿಗೂ ಬೇಕಾಗಲೂ ಇಲ್ಲ.

ಐದು ವಾರದ ಮೇಲೆ, ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ, ಶೇಂಗಾ ಸಾಗಿಸುವ ಟ್ರ್ಯಾಕ್ಟರಿನಲ್ಲಿ ಓಬಕ್ಕನನ್ನು ಮಲಗಿಸಿಕೊಂಡು ಬಂದರು. ಮಗು ಒಂದು ಗಂಟೆಯೊಳಗೆ ಹುಟ್ಟಿತು, ಕೂಡಲೇ ಅಳಲಿಲ್ಲ. ರತ್ನಮ್ಮ ಬೆನ್ನು ತಿಕ್ಕುತ್ತಾ ತಮ್ಮ ದಾವಣಗೆರೆ ಬೈಗುಳವನ್ನೆಲ್ಲ ಅದರ ಮೇಲೆ ಪ್ರಯೋಗಿಸಿದ ಮೇಲೆ ಕಿರುಚಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಸೂರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದರೆ ಮುಗಿದಿರಲಿಲ್ಲ. ಒಳಗಿಂದ ಮೇಡಂ ಧ್ವನಿ ಬಂತು. "ಬಾಷಾ ಅವರೇ, ಫ್ರಿಜ್ಜಿನಿಂದ ಇಂಜೆಕ್ಷನ್ ಬೇಗ! ರಕ್ತ ನಿಲ್ತಾ ಇಲ್ಲ." ಹಿಂದಿನ ಸಲ ಓಬಕ್ಕನನ್ನು ಸಾವಿನ ಬಾಗಿಲಿಗೆ ಒಯ್ದದ್ದೇ ಮತ್ತೆ ಬಂದಿತ್ತು. ಇಂಜೆಕ್ಷನ್ ಕೊಟ್ಟೆ, ಡ್ರಿಪ್ ಬಾಟಲಿ ಕೊಟ್ಟೆ, ಎರಡನೆಯ ಇಂಜೆಕ್ಷನ್ ಕೊಟ್ಟೆ, ಬಾಗಿಲಾಚೆ ನಿಂತೆ. ಮೇಡಂ ಓಬಕ್ಕನ ಹೊಟ್ಟೆಯ ಮೇಲೆ ಕೈ ಇಟ್ಟು ಒತ್ತಿ ಹಿಡಿದೇ ನಿಂತಿದ್ದರಂತೆ, ಮುಕ್ಕಾಲು ಗಂಟೆ, ಕೈ ಬದಲಿಸದೆ. ರಕ್ತ ನಿಂತಿತು.

ಹೊರಗೆ ಬಂದು ಅವರು ಗೋಡೆಗೆ ಒರಗಿ ನೆಲದ ಮೇಲೆಯೇ ಕೂತರು, ಮರಗಟ್ಟಿದ ಬೆರಳುಗಳನ್ನು ಬಿಡಿಸಲು ನೋಡುತ್ತಿದ್ದರು. ಸೂರಮ್ಮ ಅವರ ಎದುರು ಕೂತು ಆ ಎರಡೂ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು ನೀವತೊಡಗಿದಳು. ನಾನು ಔಷಧದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನನ್ನ ಜಂಬ ಇನ್ನು ಒಂದು ತಿಂಗಳು ಗಟ್ಟಿಯಾಗಿದ್ದಿದ್ದರೆ ಆ ತಾಯಿ ಹಟ್ಟಿಯಲ್ಲೇ ಸತ್ತಿರುತ್ತಿದ್ದಳು, ಕೆಟ್ಟ ಹೆಸರು ವೀಣಾ ಮೇಡಂಗೆ ಉಳಿದಿರುತ್ತಿತ್ತು.

ಬೋಸಯ್ಯನ ತೀರ್ಪು ಮಾತ್ರ ಸಡಿಲವಾಗಲಿಲ್ಲ. ಪೋಲಿಯೋ ಹನಿಯ ದಿನ ರತ್ನಮ್ಮ, ಮೇಡಂ ಒಳಗೆ ಹೋಗುವರು, ನಾನು ಲಸಿಕೆಯ ಐಸ್ ಡಬ್ಬಿ ಇಟ್ಟುಕೊಂಡು ಬೇಲಿಯಾಚೆ ಕಲ್ಲಿನ ಮೇಲೆ ಕೂರುವೆ. ಹೆಂಗಸರು ಅಲ್ಲಿಗೇ ಬಂದು ಮಾತ್ರೆ ಇಸಿದುಕೊಳ್ಳುವರು, ಮಜ್ಜಿಗೆಯೂ ಅಲ್ಲಿಗೇ ಬರುತ್ತಿತ್ತು. ನನಗೆ ಬೇಸರವಿರಲಿಲ್ಲ ಎಂದರೆ ಸುಳ್ಳು. ಆದರೆ ಒಂದು ವಿಷಯ ಕಂಡೆ. ನಾನು ಒಳಗೆ ಹೋಗದಿದ್ದ ಮೇಲೆ ಆ ಹೆಂಗಸರೇ ಅಕ್ಕಪಕ್ಕದ ಹಟ್ಟಿಗಳಲ್ಲಿ ಡಾಕ್ಟರ ಬಗ್ಗೆ ಮಾತಾಡತೊಡಗಿದರು. ನಾನು ಹನ್ನೆರಡು ವರ್ಷ ಊರೂರು ತಿರುಗಿ ಹೇಳಿದರೂ ಬಾರದಿದ್ದ ಬಸುರಿಯರು ಸೂರಮ್ಮನ ಒಂದು ಮಾತಿಗೆ ಬಂದರು. ಮಕ್ಕಳೇ, ಆಸ್ಪತ್ರೆಯವರನ್ನು ಜನರಿಗೆ ಪರಿಚಯಿಸುವ ಕೆಲಸ ಆಸ್ಪತ್ರೆಯವರಿಂದ ಆಗುವುದು ಸ್ವಲ್ಪವೇ.

ವೀಣಾ ಮೇಡಂ ಮೂರು ವರ್ಷ ಇದ್ದು ಮುಂದೆ ಓದಲು ಹೋದರು. ಅವರ ಜಾಗಕ್ಕೆ ಕಲಬುರಗಿ ಕಡೆಯ ಒಬ್ಬ ಯುವಕ ಡಾಕ್ಟರು ಬಂದರು. ಬಂದು ನಾಲ್ಕು ದಿನವಾಗಿತ್ತು, ನಾನಿನ್ನೂ ಅವರನ್ನು ಅಳೆಯುತ್ತಿದ್ದೆ. ಅಷ್ಟರಲ್ಲಿ ಸೂರಮ್ಮ ಮೊಮ್ಮಗಳನ್ನು, ಅದೇ ಓಬಕ್ಕನ ಮಗುವನ್ನು, ಸೊಂಟದಲ್ಲಿ ಕೂರಿಸಿಕೊಂಡು ಒಳಗೆ ಬಂದಳು. ಮಗುವಿಗೆ ಕಾಯಿಲೆ ಏನಿರಲಿಲ್ಲ, ಹೊಸ ಡಾಕ್ಟರನ್ನು ನೋಡಿಹೋಗಲು ಬಂದಿದ್ದಳು. ನಾನು ಅಭ್ಯಾಸಬಲದಿಂದ ಎದ್ದು, "ಸಾರ್, ಇವರು..." ಎಂದು ಶುರುಮಾಡಿದೆ.

"ನೀವು ಸುಮ್ಕಿರ್ರಿ ಕಂಪೋಂಡ್ರೆ" ಎಂದು ನನ್ನನ್ನು ಕೂರಿಸಿದಳು. ಆಮೇಲೆ ಹೊಸ ಡಾಕ್ಟರ ಎದುರು ನಿಂತು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ತೋರಿಸತೊಡಗಿದಳು. "ಈಯಮ್ಮ ಸಿಸ್ಟ್ರಮ್ಮ. ಬಾಯಿ ಜೋರು, ಇವಳನ್ನ ಅಳಿಸಿ ಬದುಕಿಸಿದ್ದು ಆ ಬಾಯೇ. ಇವ್ನು ತಿಪ್ಪೇಸಿ. ಇವ್ನ ಹತ್ರ ಗುಟ್ಟು ಹೇಳ್ಬ್ಯಾಡ್ರಿ." ನನ್ನ ಕಡೆ ತಿರುಗಿದಳು. ಒಂದು ಗಳಿಗೆ ನೋಡಿದಳು. ನಿಜ ಹೇಳುತ್ತೇನೆ, ಇಲಾಖೆಯ ಎಷ್ಟೋ ದೊಡ್ಡವರ ಮುಂದೆ ನಿಂತವನು ನಾನು, ಹಾಗೆ ಎಂದೂ ಎದೆ ಬಡಿದುಕೊಂಡಿರಲಿಲ್ಲ.

"ಇವ್ರು ಕಂಪೋಂಡ್ರು. ತಪ್ಪು ಮಾಡಿದ್ರೆ ನಂದೇ ಅಂತ ಬಂದು ಹೇಳ್ತಾರೆ, ಸ್ವಲ್ಪ ತಡ ಆಗ್ತೈತೆ ಅಷ್ಟೇ. ಇವ್ರು ಕೊಟ್ಟ ಮಾತ್ರೆ ಕಣ್ಮುಚ್ಚಿ ನುಂಗಬೌದು" ಎಂದಳು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, ಮರೆತದ್ದನ್ನು ನೆನಪಿಸಿಕೊಂಡವಳಂತೆ ಸೇರಿಸಿದಳು: "ನಮ್ಮ ಹಟ್ಟಿ ಒಳಿಕ್ಕೆ ಮಾತ್ರ ಬಿಡಂಗಿಲ್ಲ."